ಡೆಬಿಟ್ ಕಾರ್ಡ್ ವಂಚನೆ ಮರುಕಳಿಸಿದಾಗ: ವರ್ತಕರು ಅರಿತಿರಬೇಕಾದ ಸಂಗತಿಗಳು

ಖಾತೆದಾರರ ಅರಿವಿಗೆ ಬಾರದೆ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬ್ಯಾಂಕಿಗೆ ದೂರವಾಣಿ ಮಾಡಿ ಕಾರ್ಡನ್ನು ಸ್ಥಗಿತಗೊಳಿಸುವುದು, ಶಾಖೆಗೆ ಅರ್ಜಿ ಸಲ್ಲಿಸಿ ಹೊಸ ಕಾರ್ಡ್ ಪಡೆಯುವುದು ಇಂತಹ ಸಂದರ್ಭದಲ್ಲಿ ಬಹುತೇಕ ಎಲ್ಲರೂ ಅನುಸರಿಸುವ ಕ್ರಮ. ಆದರೆ ಹೊಸ ಕಾರ್ಡ್ ಕೈಸೇರಿದ ಕೆಲವೇ ವಾರಗಳಲ್ಲಿ ಅದೇ ಖಾತೆಯಿಂದ ಮತ್ತೊಮ್ಮೆ ಹಣ ಹೋದಾಗ ವರ್ತಕರು ದಿಕ್ಕುತೋಚದಂತಾಗುತ್ತಾರೆ. ಕಾರ್ಡೇ ಬದಲಾದ ಮೇಲೆ ಹಣ ಹೋದದ್ದು ಯಾವ ದಾರಿಯಿಂದ ಎಂಬ ಪ್ರಶ್ನೆಗೆ ಶಾಖೆಯ ಸಿಬ್ಬಂದಿಯಿಂದಲೂ ಅನೇಕ ವೇಳೆ ಸ್ಪಷ್ಟ ಉತ್ತರ ದೊರೆಯುವುದಿಲ್ಲ.

ಇದನ್ನು ಒಂದು ಉದಾಹರಣೆಯ ಮೂಲಕ ನೋಡಬಹುದು. ದಾವಣಗೆರೆಯಲ್ಲಿ ಯಂತ್ರಗಳ ಬಿಡಿಭಾಗ ಮಾರುವ ಏಕಮಾಲೀಕ ಸಂಸ್ಥೆಯೊಂದಿದೆ ಎಂದು ಕಲ್ಪಿಸಿಕೊಳ್ಳೋಣ. ಒಂದು ಶುಕ್ರವಾರ ರಾತ್ರಿ ಅದರ ಚಾಲ್ತಿ ಖಾತೆಯಿಂದ ಮೊದಲು 10 ರೂಪಾಯಿ, ಐದು ನಿಮಿಷಗಳ ತರುವಾಯ 18,000 ರೂಪಾಯಿ, ಅನಂತರ 24,500 ರೂಪಾಯಿ ಕಡಿತವಾಗುತ್ತದೆ. ಬ್ಯಾಂಕಿನ ಸಂದೇಶಗಳು ಬರುವುದು ಗುಮಾಸ್ತರ ಮೊಬೈಲಿಗೆ. ಖಾತೆ ತೆರೆಯುವಾಗ ಕೊಟ್ಟ ಸಂಖ್ಯೆ ಅವರದೇ. ಮಾಲೀಕರಿಗೆ ವಿಷಯ ತಿಳಿಯುವುದು ಸೋಮವಾರ. ಕಾರ್ಡ್ ರದ್ದಾಗಿ ಹೊಸದು ಬರುತ್ತದೆ. ಮೂರನೆಯ ವಾರ, ಹೊಸ ಕಾರ್ಡನ್ನು ಒಮ್ಮೆಯೂ ಬಳಸುವ ಮುನ್ನವೇ, ಖಾತೆಯಿಂದ ಇನ್ನೂ 40,000 ರೂಪಾಯಿ ಹೋಗುತ್ತದೆ. ಅದೇ ವಾರ ಸಗಟು ಪೂರೈಕೆದಾರರಿಗೆ ಕೊಟ್ಟಿದ್ದ ಚೆಕ್ಕು ಹಣದ ಕೊರತೆಯಿಂದ ಮರಳಿ ಬರುತ್ತದೆ. ಚೆಕ್ಕು ಅಮಾನ್ಯವಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ನೋಟೀಸು ಎಷ್ಟು ಬೇಗ ಬರುತ್ತದೆ ಎಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ನೌಕರದಾರರ ಉಳಿತಾಯ ಖಾತೆಯಿಂದ ಹಣ ಹೋಗುವುದಕ್ಕೂ ವ್ಯಾಪಾರಿಯ ಚಾಲ್ತಿ ಖಾತೆಯಿಂದ ಹೋಗುವುದಕ್ಕೂ ಇರುವ ಅಂತರ ಇದೇ. ಇಲ್ಲಿ ಕಳೆದ ಹಣದ ಜೊತೆಗೆ ಮಾರುಕಟ್ಟೆಯಲ್ಲಿನ ಮಾತೂ ಹೋಗುತ್ತದೆ.

ಇಂತಹ ಪ್ರಕರಣಗಳಲ್ಲಿ ಮೂಲಭೂತವಾದ ತಪ್ಪು ತಿಳಿವಳಿಕೆಯೊಂದಿದೆ. ಕಾರ್ಡ್ ಎಂಬುದು ಖಾತೆಗೆ ಇರುವ ಹಲವು ಬಾಗಿಲುಗಳಲ್ಲಿ ಒಂದು ಮಾತ್ರ. ವಂಚಕನು ಎರಡನೆಯ ಬಾರಿ ಒಳಬಂದದ್ದು ಯಾವ ಬಾಗಿಲಿನಿಂದ ಎಂಬುದನ್ನು ಪತ್ತೆಹಚ್ಚದೆ ಕಾರ್ಡನ್ನು ಎಷ್ಟು ಬಾರಿ ಬದಲಾಯಿಸಿದರೂ ಪ್ರಯೋಜನವಿಲ್ಲ.

ಕಾರ್ಡಿನ ವಿವರ ಹೊರಬೀಳುವ ಬಗೆ

ಹಿಂದಿನ ಕಾರ್ಡುಗಳಲ್ಲಿ ಬೆನ್ನ ಮೇಲಿನ ಕಪ್ಪು ಕಾಂತಪಟ್ಟಿಯೇ ಸರ್ವಸ್ವವಾಗಿತ್ತು. ಅದರಲ್ಲಿ ಬರೆದ ಮಾಹಿತಿ ಎಂದಿಗೂ ಬದಲಾಗದು. ಒಮ್ಮೆ ನಕಲು ಮಾಡಿಕೊಂಡರೆ ಇನ್ನೊಂದು ಖಾಲಿ ಕಾರ್ಡಿಗೆ ಅದನ್ನು ಇಳಿಸಬಹುದು. ಎಟಿಎಂ ಯಂತ್ರದ ಬಾಯಿಗೆ ತೆಳುವಾದ ಉಪಕರಣವನ್ನು ಅಂಟಿಸಿ ಪಟ್ಟಿಯನ್ನೂ, ಮೇಲೊಂದು ಪುಟ್ಟ ಕ್ಯಾಮೆರಾ ಇಟ್ಟು ಪಿನ್ ಸಂಖ್ಯೆಯನ್ನೂ ಕದಿಯುತ್ತಿದ್ದುದು ಹೀಗೆಯೇ. ಚಿಪ್ ಅಳವಡಿಸಿದ ಕಾರ್ಡು ಪ್ರತಿ ವಹಿವಾಟಿಗೂ ಹೊಸದೊಂದು ಸಂಕೇತವನ್ನು ಸೃಷ್ಟಿಸುವುದರಿಂದ ಹಿಂದಿನ ವಹಿವಾಟಿನ ನಕಲು ಮುಂದಿನದಕ್ಕೆ ನಡೆಯದು. ಕೇವಲ ಕಾಂತಪಟ್ಟಿಯುಳ್ಳ ಕಾರ್ಡುಗಳನ್ನು 2018ರ ಡಿಸೆಂಬರ್ 31ರೊಳಗೆ ಬದಲಾಯಿಸಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕು ಆದೇಶಿಸಿದ್ದುದು ಈ ಕಾರಣದಿಂದಲೇ. ಆದರೂ ಚಿಪ್ ಕಾರ್ಡುಗಳ ಬೆನ್ನ ಮೇಲೆ ಪಟ್ಟಿ ಉಳಿದುಕೊಂಡೇ ಬಂದಿತು. ಪಟ್ಟಿಯನ್ನು ಈಗಲೂ ಒಪ್ಪುವ ಯಂತ್ರಗಳಿರುವ ದೇಶಗಳಲ್ಲಿ ನಕಲು ಕಾರ್ಡಿಗೆ ಬೆಲೆ ಇದೆ.

ತಮ್ಮ ಕಡೆಯಿಂದ ಯಾವ ತಪ್ಪೂ ಆಗದೆ ವಿವರಗಳು ಹೊರಬಿದ್ದದ್ದೂ ಉಂಟು. 2016ರ ಅಕ್ಟೋಬರಿನಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಸುರಕ್ಷತೆಗೆ ಧಕ್ಕೆಯಾಗಿರಬಹುದೆಂಬ ಸುದ್ದಿ ಹೊರಬಂದಿತು. ಎಟಿಎಂ ಜಾಲವನ್ನು ನಡೆಸುತ್ತಿದ್ದ ಸೇವಾ ಸಂಸ್ಥೆಯೊಂದರ ವ್ಯವಸ್ಥೆಗೆ ದುಷ್ಟ ತಂತ್ರಾಂಶ ಸೇರಿತ್ತು. ಆಗ 19 ಬ್ಯಾಂಕುಗಳ 641 ಗ್ರಾಹಕರು ಒಟ್ಟು ಸುಮಾರು 1.3 ಕೋಟಿ ರೂಪಾಯಿ ಕಳೆದುಕೊಂಡರೆಂದು ರಾಷ್ಟ್ರೀಯ ಪಾವತಿ ನಿಗಮ ತಿಳಿಸಿತು. 32 ಲಕ್ಷ ಕಾರ್ಡುಗಳಿಗೆ ಹೋಲಿಸಿದರೆ ಹಣ ಕಳೆದುಕೊಂಡವರ ಸಂಖ್ಯೆ ಅಲ್ಪ. ಬ್ಯಾಂಕುಗಳು ಲಕ್ಷಗಟ್ಟಲೆ ಕಾರ್ಡುಗಳನ್ನು ತಾವಾಗಿ ತಡೆದು ಹೊಸ ಕಾರ್ಡ್ ನೀಡಿದುದು ಇದಕ್ಕೆ ಬಹುಮಟ್ಟಿಗೆ ಕಾರಣ. ಬ್ಯಾಂಕು ತಾನಾಗಿಯೇ ಕಾರ್ಡ್ ತಡೆದಾಗ ಸಿಡಿಮಿಡಿಗೊಳ್ಳುವ ಗ್ರಾಹಕರು ಇದನ್ನು ನೆನೆಯುವುದು ಒಳ್ಳೆಯದು.

ಕಾರ್ಡನ್ನು ಎಂದೂ ಇಂಟರ್ನೆಟ್ಟಿನಲ್ಲಿ ಬಳಸದವರಿಗೂ ವಂಚನೆ ತಗಲುವುದು ಹೇಗೆಂಬುದಕ್ಕೆ ಇನ್ನೊಂದು ವಿವರಣೆ ಇದೆ. ಕಾರ್ಡಿನ ಹದಿನಾರು ಅಂಕೆಗಳಲ್ಲಿ ಮೊದಲ ಆರು ಅಥವಾ ಎಂಟು ಅಂಕೆಗಳು ಬ್ಯಾಂಕಿನ ಗುರುತು. ಕೊನೆಯ ಅಂಕೆ ಉಳಿದವುಗಳಿಂದ ಲೆಕ್ಕಹಾಕಿ ಬರುವ ತಾಳೆ ಅಂಕೆ. ಊಹಿಸಬೇಕಾದದ್ದು ನಡುವಿನವು ಮಾತ್ರ. ಐದು ವರ್ಷದ ಅವಧಿಯ ಕಾರ್ಡಿಗೆ ಮುಕ್ತಾಯದ ತಿಂಗಳುಗಳು 60. ಬೆನ್ನ ಮೇಲಿನ ಮೂರಂಕಿಯ ಸಂಖ್ಯೆಗೆ ಸಾಧ್ಯತೆಗಳು 1,000. ಗಣಕಯಂತ್ರಕ್ಕೆ ಇದು ದೊಡ್ಡ ಲೆಕ್ಕವಲ್ಲ. ಊಹಿಸಿದ ಸಂಖ್ಯೆಗಳನ್ನು ಕಾವಲಿಲ್ಲದ ಜಾಲತಾಣಗಳಲ್ಲಿ ಅತಿ ಸಣ್ಣ ಮೊತ್ತಕ್ಕೆ ಪ್ರಯೋಗಿಸಿ, ಜೀವಂತವಿರುವ ಕಾರ್ಡುಗಳನ್ನು ಆರಿಸಿಕೊಳ್ಳಲಾಗುತ್ತದೆ. ಮೇಲಿನ ಉದಾಹರಣೆಯ 10 ರೂಪಾಯಿಯೂ ಅಂತಹ ಪರೀಕ್ಷೆಯೇ. ಖಾತೆಯಲ್ಲಿ ಒಂದು ರೂಪಾಯಿ, ಹತ್ತು ರೂಪಾಯಿಯ ಅಪರಿಚಿತ ಕಡಿತ ಕಂಡಾಗ ಹೋದರೆ ಹೋಗಲಿ ಎಂದು ಬಿಡುವವರು ದೊಡ್ಡ ಕಡಿತಕ್ಕೆ ಮುನ್ನ ದೊರೆತ ಏಕೈಕ ಎಚ್ಚರಿಕೆಯನ್ನು ಬಿಟ್ಟಂತಾಗುತ್ತದೆ.

ನಮ್ಮ ದೇಶದೊಳಗಿನ ಜಾಲತಾಣಗಳಲ್ಲಿ ಕಾರ್ಡ್ ಬಳಸುವಾಗ ಒಟಿಪಿಯಂತಹ ಎರಡನೆಯ ದೃಢೀಕರಣ ಬೇಕೆಂಬ ನಿಯಮ 2009ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಈ ಕಟ್ಟುಪಾಡು ವಿದೇಶಿ ಜಾಲತಾಣಗಳಿಗೆ ಬಹುಕಾಲ ಅನ್ವಯಿಸಿರಲಿಲ್ಲ. ಮಾದರಿ ಸರಕು ತರಿಸಲು, ತಂತ್ರಾಂಶದ ಚಂದಾ ಕಟ್ಟಲು, ಜಾಹೀರಾತು ಕೊಡಲು ವಿದೇಶಿ ತಾಣಗಳಲ್ಲಿ ಕಾರ್ಡ್ ನಮೂದಿಸುವ ಸಣ್ಣ ಉದ್ದಿಮೆದಾರರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹೊಸ ಕಾರ್ಡ್ ಬಂದರೂ ಮುಚ್ಚದ ಬಾಗಿಲುಗಳು

ವಂಚನೆ ಮರುಕಳಿಸುವ ಕಾರಣಗಳಲ್ಲಿ ಅತ್ಯಂತ ಕಡಿಮೆ ತಿಳಿದಿರುವುದು ಯುಪಿಐಗೆ ಸಂಬಂಧಿಸಿದ್ದು. ಹೊಸ ಮೊಬೈಲಿನಲ್ಲಿ ಯುಪಿಐ ಆರಂಭಿಸುವಾಗ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕೆ, ಮುಕ್ತಾಯದ ತಿಂಗಳು ಮತ್ತು ನೋಂದಾಯಿತ ಸಂಖ್ಯೆಗೆ ಬರುವ ಒಟಿಪಿ ಇದ್ದರೆ ಯುಪಿಐ ಪಿನ್ ರಚಿಸಬಹುದು. ಒಮ್ಮೆ ರಚಿತವಾದ ಪಿನ್ ಕಾರ್ಡಿನಿಂದ ಪ್ರತ್ಯೇಕವಾಗಿ ಬದುಕುತ್ತದೆ. ಕಾರ್ಡನ್ನು ರದ್ದುಪಡಿಸಿದರೆ ಸಾಮಾನ್ಯವಾಗಿ ಯುಪಿಐ ರದ್ದಾಗುವುದಿಲ್ಲ. ಆದ್ದರಿಂದ ಬ್ಯಾಂಕಿಗೆ ದೂರು ನೀಡುವಾಗ ಕಾರ್ಡನ್ನು ತಡೆಯಿರಿ ಎಂದಷ್ಟೇ ಹೇಳಿದರೆ ಸಾಲದು. ಯುಪಿಐ, ಮೊಬೈಲ್ ಬ್ಯಾಂಕಿಂಗ್, ನೆಟ್ ಬ್ಯಾಂಕಿಂಗ್ ಮತ್ತು ಆಧಾರ್ ಆಧಾರಿತ ಪಾವತಿಗಳನ್ನೂ ತಡೆಹಿಡಿಯುವಂತೆ ಪ್ರತ್ಯೇಕವಾಗಿ ಕೇಳಬೇಕು.

ದಾವಣಗೆರೆಯ ಉದಾಹರಣೆಯಲ್ಲಿ ಎರಡನೆಯ ಕಡಿತ ನಡೆದದ್ದು ಹೀಗೆ. ಗುಮಾಸ್ತರ ಮೊಬೈಲಿಗೆ ವಾಹನ ದಂಡದ ಚಲನ್ ಎಂಬ ಹೆಸರಿನಲ್ಲಿ ಬಂದ ಕಡತವೊಂದನ್ನು ಅವರು ತೆರೆದಿದ್ದರು. ಅದು ಚಲನ್ ಆಗಿರದೆ ಮೊಬೈಲಿಗೆ ಬರುವ ಎಸ್‌ಎಂಎಸ್‌ಗಳನ್ನು ಬೇರೊಬ್ಬರಿಗೆ ರವಾನಿಸುವ ತಂತ್ರಾಂಶವಾಗಿತ್ತು. ಅದು ತೆರೆದ ನಕಲಿ ಪಾವತಿ ಪುಟದಲ್ಲಿ ಅಂಗಡಿಯ ಕಾರ್ಡಿನ ವಿವರಗಳನ್ನೂ ಅವರು ತುಂಬಿದ್ದರು. ಮೊದಲ ಬಾರಿ ಒಟಿಪಿಗಳು ಹೋದದ್ದು ಆ ದಾರಿಯಿಂದ. ಕಾರ್ಡ್ ಬದಲಾಯಿತು, ಮೊಬೈಲ್ ಬದಲಾಗಲಿಲ್ಲ. ಕಾರ್ಡ್ ರದ್ದಾಗುವ ಮುನ್ನ ವಂಚಕರು ರಚಿಸಿಕೊಂಡಿದ್ದ ಯುಪಿಐ ಪಿನ್ ಹಾಗೆಯೇ ಉಳಿದಿತ್ತು. ಇಂತಹ ಕಡತ ತೆರೆದಿರಬಹುದೆಂಬ ಅನುಮಾನವಿದ್ದರೆ ಆ ಮೊಬೈಲನ್ನು ಕಾರ್ಖಾನೆಯ ಮೂಲಸ್ಥಿತಿಗೆ ತಂದು, ಎಲ್ಲ ಗುಪ್ತ ಸಂಖ್ಯೆಗಳನ್ನೂ ಬೇರೊಂದು ಶುದ್ಧವಾದ ಯಂತ್ರದಿಂದ ಬದಲಾಯಿಸಬೇಕು. ಅಳಿಸು ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಇವು ಹೋಗುವುದಿಲ್ಲ. ಹಲವು ಬಾರಿ ಅವುಗಳ ಚಿಹ್ನೆಯೇ ಪರದೆಯ ಮೇಲೆ ಕಾಣಿಸದು.

ಮೊಬೈಲ್ ಸಿಮ್ ಇನ್ನೊಂದು ಬಾಗಿಲು. ಸುಳ್ಳು ದಾಖಲೆ ತೋರಿಸಿ ಅದೇ ಸಂಖ್ಯೆಯ ಹೊಸ ಸಿಮ್ ಪಡೆದರೆ ಒಟಿಪಿಗಳೆಲ್ಲ ವಂಚಕನ ಕೈಗೆ ಹೋಗುತ್ತವೆ. ಊರಿನಲ್ಲಿ ಎಲ್ಲರ ಫೋನೂ ಕೆಲಸ ಮಾಡುತ್ತಿರುವಾಗ ತಮ್ಮದರಲ್ಲಿ ಮಾತ್ರ ಸಂಕೇತ ಇಲ್ಲವಾದರೆ ಅದನ್ನು ಗೋಪುರದ ದೋಷವೆಂದು ಕಾಯುತ್ತಾ ಕೂರದೆ ಸೇವಾ ಕಂಪನಿಯನ್ನೂ ಬ್ಯಾಂಕನ್ನೂ ಬೇರೆ ಫೋನಿನಿಂದ ಸಂಪರ್ಕಿಸಬೇಕು.

ಕರ್ನಾಟಕದಲ್ಲಿ 2023ರಲ್ಲಿ ಬೆಳಕಿಗೆ ಬಂದ ಪ್ರಕರಣಗಳು ಬೇರೊಂದು ಮಾರ್ಗವನ್ನು ತೋರಿಸಿದವು. ಆಸ್ತಿ ನೋಂದಣಿಯ ದಸ್ತಾವೇಜುಗಳ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ತೆಗೆದು, ಕೃತಕ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗಿತ್ತು. ಇಲ್ಲಿ ಕಾರ್ಡೂ ಬೇಡ, ಒಟಿಪಿಯೂ ಬೇಡ. ಒಂದು ಬಾರಿಗೆ 10,000 ರೂಪಾಯಿಯ ಮಿತಿ ಇರುವುದರಿಂದ ಕಡಿತಗಳು ಅದೇ ಮೊತ್ತದಲ್ಲಿ ಮರುಕಳಿಸುತ್ತವೆ. ಗ್ರಾಹಕರು ಕಾರ್ಡ್ ವಂಚನೆ ಎಂದೇ ಭಾವಿಸಿ ಕಾರ್ಡ್ ಬದಲಾಯಿಸಿದರೆ ಅದರಿಂದ ಏನೂ ಆಗದು. ಮಾಡಬೇಕಾದದ್ದು ಆಧಾರ್ ಪ್ರಾಧಿಕಾರದ ತಾಣದಲ್ಲಿ ಅಥವಾ ಅದರ ಮೊಬೈಲ್ ಅನ್ವಯದಲ್ಲಿ ಬೆರಳಚ್ಚನ್ನು ಬೀಗ ಹಾಕುವುದು. ನಿವೇಶನ, ಗೋದಾಮು, ಅಂಗಡಿ ಕೊಂಡು ಮಾರುವ ವರ್ತಕರಿಗೆ ಇದು ಹೆಚ್ಚು ಅನ್ವಯವಾಗುವ ಮುಂಜಾಗ್ರತೆ. ಬೇಕಾದಾಗ ಬೀಗ ತೆಗೆದು ಮತ್ತೆ ಹಾಕಬಹುದು.

ಜಾಲತಾಣಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರಗಳ ಭಯ ನಮ್ಮಲ್ಲಿ ಈಗ ಹಿಂದಿನಷ್ಟಿಲ್ಲ. 2022ರ ಅಕ್ಟೋಬರ್ 1ರಿಂದ ಕಾರ್ಡ್ ನೀಡಿದ ಬ್ಯಾಂಕು ಹಾಗೂ ಕಾರ್ಡ್ ಜಾಲಗಳ ಹೊರತು ಬೇರಾರೂ ಪೂರ್ಣ ಸಂಖ್ಯೆಯನ್ನು ಉಳಿಸಿಕೊಳ್ಳುವಂತಿಲ್ಲ. ಅದರ ಬದಲಿಗೆ ಟೋಕನ್ ಎಂಬ ಬದಲಿ ಸಂಖ್ಯೆ ಇರುತ್ತದೆ. ಕಾರ್ಡ್ ಬದಲಾದಾಗ ಹಿಂದೆ ನೋಂದಾಯಿಸಿದ್ದ ಮಾರಾಟಗಾರರೊಡನೆ ಅದನ್ನು ಜೋಡಿಸಲು ಬ್ಯಾಂಕು ಗ್ರಾಹಕರ ಸ್ಪಷ್ಟ ಸಮ್ಮತಿಯನ್ನು ಪಡೆಯಬೇಕು. ಎಲ್ಲಕ್ಕೂ ಸರಿ ಎಂದು ಒತ್ತುವ ಅಭ್ಯಾಸ ಇರುವವರು ಹಳೆಯ ತೊಂದರೆಯನ್ನು ತಾವೇ ಹೊಸ ಕಾರ್ಡಿಗೆ ವರ್ಗಾಯಿಸಿಕೊಳ್ಳುತ್ತಾರೆ. ವಿದೇಶಿ ತಾಣಗಳ ಸಂಗತಿ ಬೇರೆ. ಹೊಸ ಕಾರ್ಡಿನ ಸಂಖ್ಯೆಯನ್ನು ಹಳೆಯ ಮಾರಾಟಗಾರರಿಗೆ ತಾವಾಗಿ ತಲುಪಿಸುವ ಸೇವೆಯನ್ನು ವೀಸಾ ಮತ್ತು ಮಾಸ್ಟರ್‌ಕಾರ್ಡ್ ಜಾಲಗಳು ನಡೆಸುತ್ತವೆ. ಕಾರ್ಡ್ ನೀಡಿದ ಬ್ಯಾಂಕು ಅದಕ್ಕೆ ಸೇರಿದ್ದರೆ ಉಚಿತ ಪ್ರಯೋಗವೆಂದು ಸೇರಿಕೊಂಡ ಚಂದಾ ಹೊಸ ಕಾರ್ಡನ್ನೂ ಹಿಂಬಾಲಿಸಬಲ್ಲದು. ಅಂತಹದನ್ನು ನಿಲ್ಲಿಸಬೇಕಾದುದು ಆ ಮಾರಾಟಗಾರರಲ್ಲಿ.

ಖಾತೆಯ ವಿವರಪಟ್ಟಿಯನ್ನು ಓದುವುದು

ಯಾವ ಬಾಗಿಲು ಎಂಬುದಕ್ಕೆ ಉತ್ತರ ಬಹುತೇಕ ಖಾತೆಯ ವಿವರಪಟ್ಟಿಯಲ್ಲೇ ಇರುತ್ತದೆ. ಪ್ರತಿ ಕಡಿತದ ಎದುರಿನ ಷರಾದಲ್ಲಿ ಅದು ಎಟಿಎಂ ಮೂಲಕವೋ, ಅಂಗಡಿಯ ಕಾರ್ಡ್ ಯಂತ್ರದ ಮೂಲಕವೋ, ಇಂಟರ್ನೆಟ್ ಖರೀದಿಯೋ, ಯುಪಿಐಯೋ, ಆಧಾರ್ ಆಧಾರಿತವೋ ಎಂಬುದು ಸಂಕೇತಾಕ್ಷರಗಳಲ್ಲಿರುತ್ತದೆ. ಸಂಕೇತಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದುದರಿಂದ ಶಾಖೆಯಲ್ಲಿ ಕೇಳಿ ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ಮೊದಲ ವಂಚನೆಯ ಷರಾವೂ ಎರಡನೆಯದರ ಷರಾವೂ ಒಂದೇ ಬಗೆಯದೇ ಎಂಬುದನ್ನು ಹೋಲಿಸಿ ನೋಡಬೇಕು. ಬೇರೆಬೇರೆಯಾಗಿದ್ದರೆ ಸೋರಿಕೆ ಕಾರ್ಡಿನಲ್ಲಿಲ್ಲ. ಎರಡೂ ಮಾರ್ಗಗಳಿಗೆ ಸಾಮಾನ್ಯವಾದ ಮೊಬೈಲ್, ಸಿಮ್ ಅಥವಾ ಒಬ್ಬ ವ್ಯಕ್ತಿಯಲ್ಲಿದೆ ಎಂದೇ ತಿಳಿಯಬೇಕು.

ಎಟಿಎಂನಲ್ಲಿ ಹಣ ಬಾರದೆ ಖಾತೆಯಲ್ಲಿ ಮಾತ್ರ ಕಡಿತವಾಗುವುದು ವಂಚನೆಯಲ್ಲ, ವಿಫಲ ವಹಿವಾಟು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ ಅದನ್ನು ವಹಿವಾಟಿನ ದಿನದಿಂದ ಐದು ದಿನಗಳೊಳಗೆ ಬ್ಯಾಂಕು ತಾನಾಗಿ ಹಿಂದಿರುಗಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಎರಡನ್ನೂ ಒಂದೇ ದೂರಿನಲ್ಲಿ ಬೆರೆಸಿದರೆ ಎರಡೂ ತಡವಾಗುತ್ತವೆ.

ದೂರಿನ ದಿನಗಳ ಲೆಕ್ಕ

ಅನಧಿಕೃತ ವಹಿವಾಟುಗಳಲ್ಲಿ ನಷ್ಟ ಯಾರದು ಎಂಬುದನ್ನು ನಿರ್ಧರಿಸುವ ಚೌಕಟ್ಟನ್ನು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ವಿಧಿಸಿತು. ಸಹಕಾರಿ ಬ್ಯಾಂಕುಗಳಿಗೂ ಇದೇ ಬಗೆಯ ಸುತ್ತೋಲೆ ಅದೇ ವರ್ಷದ ಡಿಸೆಂಬರ್ 14ರಂದು ಬಂದಿತು. ಮೊತ್ತಗಳೂ ಅವಧಿಗಳೂ ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ದೂರು ಸಲ್ಲಿಸುವ ದಿನ ಜಾರಿಯಲ್ಲಿರುವುದನ್ನು ಶಾಖೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಆದರೆ ಚೌಕಟ್ಟಿನ ತರ್ಕವನ್ನು ಅರಿತಿದ್ದರೆ ಮಾತನಾಡಲು ಧೈರ್ಯ ಬರುತ್ತದೆ.

ಆ ಸುತ್ತೋಲೆಯಂತೆ ಬ್ಯಾಂಕಿನ ಲೋಪದಿಂದಾದ ನಷ್ಟ ಗ್ರಾಹಕರದಲ್ಲ, ಅವರು ದೂರು ಕೊಟ್ಟಿರಲಿ ಬಿಡಲಿ. ಲೋಪ ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ವ್ಯವಸ್ಥೆಯಲ್ಲಿ ಬೇರೆಲ್ಲೋ ಇದೆ ಎಂದಾದಾಗ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ನೀಡಿದರೆ ಗ್ರಾಹಕರ ಹೊಣೆ ಶೂನ್ಯ. ನಾಲ್ಕರಿಂದ ಏಳು ಕೆಲಸದ ದಿನಗಳಾದರೆ ಪ್ರತಿ ವಹಿವಾಟಿಗೆ ಒಂದು ಮಿತಿಯವರೆಗೆ ನಷ್ಟವನ್ನು ಗ್ರಾಹಕರು ಹೊರಬೇಕು. ಸಾಮಾನ್ಯ ಉಳಿತಾಯ ಖಾತೆಗಳಿಗೂ, ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಚಾಲ್ತಿ, ನಗದು ಸಾಲ ಹಾಗೂ ಓವರ್‌ಡ್ರಾಫ್ಟ್ ಖಾತೆಗಳಿಗೂ ಆ ಮಿತಿ 10,000 ರೂಪಾಯಿ ಎಂದಿತ್ತು. ವಾರ್ಷಿಕ ಸರಾಸರಿ ಶಿಲ್ಕು ಅಥವಾ ಮಿತಿ 25 ಲಕ್ಷದವರೆಗಿನ ವ್ಯಕ್ತಿಗಳ ಇಂತಹ ಖಾತೆಗಳಿಗೂ ಅಷ್ಟೇ. ಉಳಿದ ಚಾಲ್ತಿ ಖಾತೆಗಳಿಗೆ 25,000 ರೂಪಾಯಿ. ಏಳು ದಿನ ಮೀರಿದರೆ ಬ್ಯಾಂಕಿನ ಮಂಡಳಿ ರೂಪಿಸಿದ ನೀತಿಯಂತೆ.

ಸಣ್ಣ ತಯಾರಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬ್ಯಾಂಕಿನ ದಾಖಲೆಯಲ್ಲಿ ತಮ್ಮ ಖಾತೆ ಸಣ್ಣ ಉದ್ದಿಮೆಯದೆಂದು ನಮೂದಾಗಿದೆಯೇ? ಉದ್ಯಮ್ ನೋಂದಣಿ ಪತ್ರವನ್ನು ಸಾಲಕ್ಕಾಗಿ ಒಂದು ಬ್ಯಾಂಕಿಗೆ ಕೊಟ್ಟು, ಚಾಲ್ತಿ ಖಾತೆ ಇರುವ ಇನ್ನೊಂದು ಬ್ಯಾಂಕಿಗೆ ಕೊಡದೆ ಇರುವುದು ಸಾಮಾನ್ಯ. ಪಾಲುದಾರಿಕೆ ಸಂಸ್ಥೆಗಳಿಗೆ ಇದು ವಹಿವಾಟೊಂದಕ್ಕೆ 15,000 ರೂಪಾಯಿಯ ವ್ಯತ್ಯಾಸ ತರಬಲ್ಲದು. ಚಿಲ್ಲರೆ ಮತ್ತು ಸಗಟು ವರ್ತಕರಿಗೆ 2021ರ ಜುಲೈ 2ರಿಂದ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ ಅದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಸೀಮಿತವೆಂದು ಸರ್ಕಾರ ತಿಳಿಸಿತ್ತು. ಆದ್ದರಿಂದ ವರ್ತಕರು ತಮ್ಮ ಖಾತೆಯನ್ನು ಯಾವ ವರ್ಗಕ್ಕೆ ಸೇರಿಸಲಾಗಿದೆ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯುವುದು ಮೇಲು.

ಕೆಲಸದ ದಿನಗಳನ್ನು ಗ್ರಾಹಕರ ಮೂಲ ಶಾಖೆಯ ವೇಳಾಪಟ್ಟಿಯಂತೆ, ಸಂದೇಶ ಬಂದ ದಿನವನ್ನು ಬಿಟ್ಟು ಎಣಿಸಬೇಕು. ಶುಕ್ರವಾರ ರಾತ್ರಿ ಸಂದೇಶ ಬಂದು ಮರುದಿನ ಎರಡನೆಯ ಶನಿವಾರವಾದರೆ ಸೋಮವಾರ ಮೊದಲನೆಯ ದಿನ, ಬುಧವಾರ ಮೂರನೆಯ ದಿನ. ಹಾಗೆಂದು ಬುಧವಾರದವರೆಗೆ ಕಾಯಬಹುದೆಂದಲ್ಲ. ಎಣಿಕೆ ಆರಂಭವಾಗುವುದು ಸಂದೇಶ ತಲುಪಿದ ಹೊತ್ತಿನಿಂದ, ಮಾಲೀಕರು ಅದನ್ನು ಓದಿದ ಹೊತ್ತಿನಿಂದ ಅಲ್ಲ. ಗುಮಾಸ್ತರ, ಲೆಕ್ಕಿಗರ, ಬಿಟ್ಟುಹೋದ ಪಾಲುದಾರರ ಸಂಖ್ಯೆಗಳನ್ನು ಖಾತೆಯಲ್ಲಿ ಹಾಗೆಯೇ ಉಳಿಸಿಕೊಂಡಿರುವ ಸಂಸ್ಥೆಗಳು ಇದರಿಂದ ತಿನ್ನುವ ಪೆಟ್ಟು ದೊಡ್ಡದು.

ದೂರು ತಲುಪಿದ 10 ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು, ವಹಿವಾಟು ನಡೆದ ದಿನದ ಮೌಲ್ಯದೊಡನೆ, ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕೆಂದೂ, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕೆಂದೂ ಸುತ್ತೋಲೆ ಹೇಳಿತು. ಗ್ರಾಹಕರ ತಪ್ಪೆಂದು ಸಾಧಿಸುವ ಹೊಣೆ ಬ್ಯಾಂಕಿನದು. ಒಟಿಪಿ ಬಳಕೆಯಾಗಿದೆ, ಆದ್ದರಿಂದ ನೀವೇ ಕೊಟ್ಟಿದ್ದೀರಿ ಎಂಬ ಒಂದು ಸಾಲಿನ ಉತ್ತರವನ್ನು ಮರುಮಾತಿಲ್ಲದೆ ಒಪ್ಪಬೇಕಾಗಿಲ್ಲ. ಅಸ್ಸಾಮಿನ ಗ್ರಾಹಕರೊಬ್ಬರ ಪ್ರಕರಣದಲ್ಲಿ 94,204 ರೂಪಾಯಿಯ ನಷ್ಟವನ್ನು ಬ್ಯಾಂಕೇ ಭರಿಸಬೇಕೆಂಬ ಗುವಾಹಟಿ ಉಚ್ಚ ನ್ಯಾಯಾಲಯದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2025ರ ಜನವರಿ 3ರಂದು ಎತ್ತಿಹಿಡಿಯಿತು. ಆ ಗ್ರಾಹಕರು 24 ಗಂಟೆಗಳೊಳಗೆ ಬ್ಯಾಂಕಿಗೆ ತಿಳಿಸಿದ್ದುದು ಅಲ್ಲಿ ಮುಖ್ಯವಾಗಿ ಪರಿಗಣಿತವಾಯಿತು. ಒಟಿಪಿಯನ್ನು ಹಂಚಿಕೊಳ್ಳದಂತೆ ಗ್ರಾಹಕರೂ ಎಚ್ಚರ ವಹಿಸಬೇಕೆಂದು ಅದೇ ನ್ಯಾಯಾಲಯ ಹೇಳಿದ್ದನ್ನೂ ಮರೆಯುವಂತಿಲ್ಲ.

ಏಕೆಂದರೆ ಗ್ರಾಹಕರ ಅಜಾಗರೂಕತೆ ಸಿದ್ಧವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಸಂಪೂರ್ಣ ನಷ್ಟ ಅವರದೇ. ತಿಳಿಸಿದ ಅನಂತರದ್ದು ಬ್ಯಾಂಕಿನದು. ವಂಚನೆ ಮರುಕಳಿಸುವವರಿಗೆ ಈ ಎರಡನೆಯ ವಾಕ್ಯ ಬಹು ಮುಖ್ಯ. ಮೊದಲ ದೂರಿನಲ್ಲಿಯೇ ಖಾತೆಯ ಎಲ್ಲ ವಿದ್ಯುನ್ಮಾನ ಮಾರ್ಗಗಳನ್ನು ತಡೆಯಬೇಕೆಂದು ಬರೆದು, ದೂರಿನ ಸಂಖ್ಯೆಯನ್ನೂ ಸಮಯವನ್ನೂ ಪಡೆದಿಟ್ಟುಕೊಂಡಿದ್ದರೆ, ಆಮೇಲಿನ ಕಡಿತದ ಹೊಣೆಯನ್ನು ಬ್ಯಾಂಕು ಜಾರಿಸಿಕೊಳ್ಳುವುದು ಕಷ್ಟ. ದಾವಣಗೆರೆಯ ಮಾಲೀಕರು ಕೇವಲ ಕಾರ್ಡ್ ತಡೆಯಲು ಹೇಳಿದ್ದರಿಂದ ಆ 40,000 ರೂಪಾಯಿಗಾಗಿ ಹೊಸದಾಗಿಯೇ ವಾದಿಸಬೇಕಾಗುತ್ತದೆ.

ಬ್ಯಾಂಕಿಗೆ ತಿಳಿಸಿದ ಬೆನ್ನಿಗೇ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುವುದನ್ನು ದಾರಿಯಲ್ಲೇ ತಡೆಯುವುದು ಈ ವ್ಯವಸ್ಥೆಯ ಉದ್ದೇಶ. ಇಲ್ಲಿ ದಿನಗಳಲ್ಲ, ಗಂಟೆಗಳ ಲೆಕ್ಕ.

ಬಂಡವಾಳವನ್ನು ಬೇರೆ ಇಡುವುದು

ರಿಸರ್ವ್ ಬ್ಯಾಂಕಿನ 2020ರ ಜನವರಿ 15ರ ಸುತ್ತೋಲೆಯಿಂದ ಗ್ರಾಹಕರ ಕೈಗೆ ಒಳ್ಳೆಯ ಬೀಗದಕೈ ದೊರೆಯಿತು. ಹೊಸ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗೆ ಮಾತ್ರ ತೆರೆದು ಬರುತ್ತದೆ. ಇಂಟರ್ನೆಟ್ ಖರೀದಿ, ವಿದೇಶಿ ಬಳಕೆ, ಸ್ಪರ್ಶರಹಿತ ಪಾವತಿಗಳನ್ನು ಗ್ರಾಹಕರೇ ತೆರೆಯಬೇಕು, ಬೇಡವಾದಾಗ ಮುಚ್ಚಬಹುದು, ಪ್ರತಿಯೊಂದಕ್ಕೂ ಮಿತಿ ಹಾಕಬಹುದು. ಸ್ಪರ್ಶರಹಿತ ಪಾವತಿಗೆ ಪಿನ್ ಬೇಡದ ಮಿತಿಯನ್ನು 2021ರ ಜನವರಿ 1ರಿಂದ 2,000ದಿಂದ 5,000 ರೂಪಾಯಿಗೆ ಏರಿಸಲಾಯಿತು. ಅಗತ್ಯವಿಲ್ಲದವರು ಅದನ್ನು ಮುಚ್ಚಿಯೇ ಇಡಬಹುದು. ವಿದೇಶಿ ತಾಣದಲ್ಲಿ ತಿಂಗಳಿಗೊಮ್ಮೆ ಪಾವತಿಸುವವರು ಆ ಹತ್ತು ನಿಮಿಷ ಮಾತ್ರ ಸೌಲಭ್ಯ ತೆರೆದು ಮುಚ್ಚುವುದು ಹೆಚ್ಚಿನ ಶ್ರಮವೇನೂ ಅಲ್ಲ.

ಇದಕ್ಕಿಂತ ಭದ್ರವಾದ ಏರ್ಪಾಡು ಇನ್ನೊಂದಿದೆ. ಮುಖ್ಯ ಚಾಲ್ತಿ ಖಾತೆಗೆ ಡೆಬಿಟ್ ಕಾರ್ಡೇ ಬೇಡವೆನ್ನಬಹುದು. ಡೆಬಿಟ್ ಕಾರ್ಡ್ ತೆಗೆದುಕೊಳ್ಳುವಂತೆ ಬ್ಯಾಂಕು ಗ್ರಾಹಕರನ್ನು ಒತ್ತಾಯಿಸಬಾರದು, ಬೇರೆ ಸೌಲಭ್ಯಕ್ಕೆ ಅದನ್ನು ಷರತ್ತಾಗಿಸಬಾರದು ಎಂಬುದು 2022ರ ಕಾರ್ಡ್ ನಿರ್ದೇಶನಗಳಲ್ಲಿ ಸ್ಪಷ್ಟವಾಗಿತ್ತು. ಪೂರೈಕೆದಾರರ ಚೆಕ್ಕು, ಜಿಎಸ್‌ಟಿ, ಸಂಬಳ ಇವೆಲ್ಲ ನಡೆಯುವ ಖಾತೆಯನ್ನು ಕಾರ್ಡೂ ಯುಪಿಐಯೂ ಇಲ್ಲದಂತೆ ಇಟ್ಟು, ದಿನದ ಖರ್ಚಿಗೆ ಬೇಕಾದಷ್ಟೇ ಹಣವಿರುವ ಚಿಕ್ಕ ಖಾತೆಯೊಂದನ್ನು ಪ್ರತ್ಯೇಕವಾಗಿ ತೆರೆದು ಕಾರ್ಡನ್ನು ಅದಕ್ಕೆ ಜೋಡಿಸಬೇಕು. ಹಿಂದಿನ ಕಾಲದ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯೇ ಬೇರೆ, ಒಳಗಿನ ತಿಜೋರಿಯೇ ಬೇರೆ ಇದ್ದಂತೆ. ಎರಡು ಖಾತೆಗಳ ನಡುವೆ ತಾನಾಗಿ ಹಣ ಹರಿಯುವ ಸೌಲಭ್ಯವನ್ನು ಕೊಡಿಸಿಕೊಂಡರೆ ಮಾತ್ರ ಈ ಏರ್ಪಾಡು ವ್ಯರ್ಥ. ಖಾತೆಗಳ ಸಂಖ್ಯೆ ಹೆಚ್ಚಿದಂತೆ ಲೆಕ್ಕಿಗರ ಗೊಣಗಾಟವೂ ಹೆಚ್ಚುತ್ತದೆ ಎಂಬುದು ನಿಜವೇ. ಆದರೂ ತಿಂಗಳ ಕೊನೆಯ ಆ ತಾಳೆಯ ಕೆಲಸ ಮರಳಿ ಬಂದ ಚೆಕ್ಕಿಗೆ ಉತ್ತರ ಬರೆಯುವುದಕ್ಕಿಂತ ಹಗುರ.

ಕೊನೆಯದಾಗಿ ವರ್ತಕರ ವಲಯದಲ್ಲಿ ಬೇರೂರಿದ ಅಭ್ಯಾಸವೊಂದಿದೆ. ಮಾಲೀಕರು ಗಲ್ಲಾ ಬಿಟ್ಟೇಳಲಾಗದೆ ಕಾರ್ಡನ್ನೂ ಪಿನ್ನನ್ನೂ ಹುಡುಗನ ಕೈಗೆ ಕೊಟ್ಟು ಎಟಿಎಂಗೆ ಕಳುಹಿಸುತ್ತಾರೆ. ಹುಡುಗನ ಪ್ರಾಮಾಣಿಕತೆ ಇಲ್ಲಿ ಪ್ರಶ್ನೆಯೇ ಅಲ್ಲ. ಬೆಂಗಳೂರಿನ ಮಾರತಹಳ್ಳಿಯಲ್ಲಿ 2013ರ ನವೆಂಬರಿನಲ್ಲಿ ಬಾಣಂತಿಯೊಬ್ಬರ ಕಾರ್ಡನ್ನು ಅವರ ಪತಿ ಬಳಸಿದಾಗ ಯಂತ್ರದಿಂದ 25,000 ರೂಪಾಯಿ ಹೊರಬಾರದೆ ಖಾತೆಯಲ್ಲಿ ಕಡಿತವಾಯಿತು. ಪಿನ್ನನ್ನು ಬೇರೊಬ್ಬರಿಗೆ ಕೊಡುವುದೇ ನಿಯಮಭಂಗವೆಂಬ ಬ್ಯಾಂಕಿನ ವಾದವನ್ನು ಗ್ರಾಹಕರ ವೇದಿಕೆ 2018ರಲ್ಲಿ ಒಪ್ಪಿ ದೂರನ್ನು ತಳ್ಳಿಹಾಕಿತು. ಪತಿಗೇ ಅನ್ವಯಿಸಿದ ಮಾತು ನೌಕರರಿಗೆ ಅನ್ವಯಿಸದೆ ಇರದು. ಸಿಬ್ಬಂದಿಗೆ ನಗದು ತರಿಸುವ ಅಗತ್ಯವಿದ್ದರೆ ಬೇರರ್ ಚೆಕ್ಕು ಇನ್ನೂ ಚಲಾವಣೆಯಲ್ಲಿದೆ.

ಬ್ಯಾಂಕಿಗೆ ದೂರು ಸಲ್ಲಿಸಿ 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಆಗ ಬೇಕಾಗುವ ಕಾಗದಗಳು ಹೆಚ್ಚೇನಿಲ್ಲ: ಮೊದಲ ಸಂದೇಶದ ಪ್ರತಿ, ಬ್ಯಾಂಕಿನ ದೂರು ಸಂಖ್ಯೆ ಮತ್ತು ಸಮಯ, 1930ರಿಂದ ಬಂದ ಸ್ವೀಕೃತಿ, ಕಡಿತಗಳ ಷರಾ ಇರುವ ವಿವರಪಟ್ಟಿ. ಮೊಬೈಲನ್ನು ಮೂಲಸ್ಥಿತಿಗೆ ತರುವ ಮುನ್ನ ಸಂದೇಶಗಳ ಚಿತ್ರ ತೆಗೆದಿಟ್ಟುಕೊಳ್ಳದವರು ಆ ಮೊದಲ ಪ್ರತಿಗಾಗಿ ಪರದಾಡುವುದುಂಟು.